ಮಾಸ್ತರಿಕೆಗೆ ಒಪ್ಪದ ಮುಖ

ಅಮಸಿದ್ದನ ಕಷ್ಟ ಶುರುವಾದದ್ದು ಪಕ್ಕದ ಮನೆಯ ವಸುಧಾಳಿಗೆ ಹೊಳೆದ ಒಂದು ಒಳ್ಳೆಯ ವಿಚಾರದಿಂದ.

ಬಸವನ ಬಾಗೇವಾಡಿಯಲ್ಲಿ ಒಂದೇ ದಿನದ ಕಿರುಚಿತ್ರ ಸ್ಪರ್ಧೆ ಇತ್ತು. ಬೆಳಿಗ್ಗೆ ಮೊಬೈಲಿನಲ್ಲಿ ತೆಗೆಯಬೇಕು, ಸಂಜೆ ಅಲ್ಲಿಯ ಸಭಾಭವನದಲ್ಲಿ ತೋರಿಸಬೇಕು. ವಿಷಯ: ಜಾತಿ ನೋಡಿ ಮನುಷ್ಯನನ್ನು ಅಳೆಯಬೇಡಿ. ತಮ್ಮೂರಾದ ಇಂಡಿಯ ಕಾಲೇಜಿನಲ್ಲಿ ಓದುವ ವಸುಧಾ ಕತೆಗಾಗಿ ದೂರ ಹೋಗಬೇಕಾಗಿರಲಿಲ್ಲ. ಅವಳ ಕಾಕಾ ಧೀರೇಂದ್ರ ವೈಷ್ಣವ ಆಚಾರ್ಯರ ಮನೆತನದವನು, ಮಾಡುವುದು ಪಂಪ್‌ಸೆಟ್ಟಿನ ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವ ಕೆಲಸ. ಅಮಸಿದ್ದ ಕುರುಬರವನು, ಓದಿದ್ದು ಗಣಿತದಲ್ಲಿ ಎಂ.ಎಸ್ಸಿ. ಆದರೂ ಓಣಿಯ ಜನ ಗ್ರೀಸು ಮೆತ್ತಿದ ಧೀರೇಂದ್ರನನ್ನು ನಿಲ್ಲಿಸಿ ಮುಹೂರ್ತ ಕೇಳುತ್ತಿದ್ದರು, ಅಮಸಿದ್ದನನ್ನು ಕಂಡರೆ ಟಗರಿನ ರೇಟು ಕೇಳುತ್ತಿದ್ದರು.

ಅಮಸಿದ್ದನಿಗೆ ಕುರಿಯೆಂದರೆ ಭಯ. ಅವನಪ್ಪ ಬಸ್ಸಿನ ಡ್ರೈವರ್ ಆಗಿದ್ದವನು. ಆ ಮನೆಯಲ್ಲಿ ಕುರಿ ಕೂಗಿ ಒಂದು ತಲೆಮಾರಾಗಿತ್ತು.

ಸಿನಿಮಾದ ಹುಚ್ಚು ಅವನಿಗಿರಲಿಲ್ಲ. ಒಪ್ಪಿಕೊಂಡದ್ದಕ್ಕೆ ಕಾರಣ ತೀರ್ಪುಗಾರರು. ಅವರು ಬಾಗೇವಾಡಿಯ ಒಂದು ಕೋಚಿಂಗ್ ಕ್ಲಾಸಿನ ಮಾಲೀಕರು, ಅವರಲ್ಲಿ ಗಣಿತದ ಮಾಸ್ತರರ ಜಾಗ ಖಾಲಿ ಇತ್ತು. ಅತಿಥಿ ಶಿಕ್ಷಕನ ಕೆಲಸ ಮುಗಿದು ಮನೆಯಲ್ಲಿ ಕೂತಿದ್ದ ಅಮಸಿದ್ದ ಹೋದ ತಿಂಗಳು ಅಲ್ಲಿಗೆ ಹೋದಾಗ ಅವರು ಒಂದು ಲೆಕ್ಕವನ್ನೂ ಕೇಳಿರಲಿಲ್ಲ. ಹೆಸರು ಕೇಳಿದರು, ಮುಖ ನೋಡಿದರು, "ಗಣಿತಾ ಅಂದ್ರ ಎಲ್ಲಾರ ಕೈಗೂ ಹತ್ತೂದಲ್ಲ ತಮ್ಮಾ" ಎಂದು ಕಳಿಸಿದರು. ಅದೇ ಮಾಲೀಕರು ಪರದೆಯ ಮೇಲೆ ತನ್ನ ಪಾಠ ನೋಡಿದರೆ ಮನಸ್ಸು ತಿರುಗೀತು ಎಂದು ಅಮಸಿದ್ದ ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡು ಬೆಳಿಗ್ಗೆಯೇ ಬಂದಿದ್ದ.

ವಸುಧಾ ಕತೆ ಹೇಳಿದಳು. ಧೀರೇಂದ್ರನ ತಾಯಿ ಜಾನಕಿಬಾಯಿ ಚಹಾದ ಬಟ್ಟಲು ಕೆಳಗಿಟ್ಟರು.

"ಇದರಾಗ ಏನದ ವಸು? ಒಬ್ಬ ಮಾಸ್ತರ ಪಾಠಾ ಹೇಳಲಿಕ್ಕತ್ತಾನ, ಒಬ್ಬ ಮೋಟರ್ ಸುತ್ತಲಿಕ್ಕತ್ತಾನ. ಯಾರದು ಯಾವ ಜಾತಿ ಅಂತ ನೋಡಿದವರಿಗೆ ಹ್ಯಾಂಗ ತಿಳೀಬೇಕು?"

"ತಿಳೀಬಾರದು ಅಂತನ ಅಲ್ಲೇನ್ರಿ ಅಜ್ಜಿ?" ಎಂದ ಅಮಸಿದ್ದ.

"ತಿಳೀದಿದ್ರ ಅಳೀಬ್ಯಾಡ್ರಿ ಅಂತ ಯಾರಿಗೆ ಹೇಳ್ತೀಪಾ? ಮೊದಲ ಅಳೀಲಿಕ್ಕೆ ಏನರ ಕೊಡಬೇಕಲ್ಲಾ."

ಮೊದಲು ಜನ ಅಂದುಕೊಂಡ ಹಾಗೆ ತೋರಿಸುವುದು, ಕೊನೆಗೆ ನಿಜ ತೋರಿಸುವುದು ಎಂದು ತೀರ್ಮಾನವಾಯಿತು. ಧೀರೇಂದ್ರನಿಗೆ ಧೋತರ ಸುತ್ತಿದರು, ಹಣೆಗೆ ಅಂಗಾರ ಅಕ್ಷತೆ ಇಟ್ಟರು.

"ಅವ್ವಾ, ನನಗ ಪಂಚಾಂಗ ಹಿಡೀಲಿಕ್ಕೆ ಸುದ್ಧಾ ಬರೂದಿಲ್ಲ."

"ಉಲ್ಟಾ ಹಿಡದಿಲ್ಲಲಾ, ಅಷ್ಟ ಸಾಕು. ಬೆರಳ ಮ್ಯಾಲೆ ಏನರ ಎಣಸು."

ಧೀರೇಂದ್ರ ಕಣ್ಣು ಮುಚ್ಚಿ ಎಣಿಸಿದ. ಅವನು ಎಣಿಸಿದ್ದು ಮೋಟರಿನ ತಂತಿಯ ಸುತ್ತುಗಳನ್ನು. ಮೊಬೈಲಿನಲ್ಲಿ ನೋಡಿದರೆ ಸಾಕ್ಷಾತ್ ಜ್ಯೋತಿಷಿ.

ಅಮಸಿದ್ದನ ಹೆಗಲಿಗೆ ಕಂಬಳಿ ಬಿತ್ತು, ಕೈಗೆ ಕೋಲು ಬಂತು. ಊರ ಹೊರಗೆ ಅವನ ದೂರದ ಸಂಬಂಧಿ ಮಾಳಿಂಗ ತನ್ನ ಕುರಿಹಿಂಡು ನಿಲ್ಲಿಸಿಕೊಂಡು ಕಾಯುತ್ತಿದ್ದ.

"ನಾ ಬರೇ ಬಾಜೂಕ ನಿಂದರ್ತೇನಿ" ಎಂದ ಅಮಸಿದ್ದ.

"ಅಂಜಬ್ಯಾಡ, ಹಾಯೂದಿಲ್ಲ ಅದು" ಎಂದು ಮಾಳಿಂಗ ಟಗರಿನ ಬೆನ್ನು ತಟ್ಟಿದ.

ತಟ್ಟಿದ್ದೇ ತಪ್ಪಾಯಿತು. ಟಗರು ಅಮಸಿದ್ದನ ಕಡೆ ನೋಡಿತು, ತಲೆ ತಗ್ಗಿಸಿತು. ಅಮಸಿದ್ದ ಕೋಲು ಬಿಟ್ಟು, "ಯಪ್ಪಾ, ಯಪ್ಪಾ" ಎನ್ನುತ್ತ ಓಡಿದ. ಟಗರು ಅವನ ಹಿಂದೆ, ಹಿಂಡು ಟಗರಿನ ಹಿಂದೆ. ಮದುವೆಯ ಮೆರವಣಿಗೆಯಂತೆ ಎಲ್ಲರೂ ಸೈದಾಬಿಯ ಲಿಂಬಿ ತೋಟ ಹೊಕ್ಕರು. ಒಂದು ಸುತ್ತು ಹಾಕುವಷ್ಟರಲ್ಲಿ ಯಾರು ಯಾರ ಹಿಂದೆ ಓಡುತ್ತಿದ್ದಾರೆಂದು ಹೇಳುವಂತಿರಲಿಲ್ಲ. ಅಮಸಿದ್ದ ಹಿಮ್ಮುಖವಾಗಿ ಒಂದು ಲಿಂಬಿ ಗಿಡದೊಳಗೆ ಬಿದ್ದ. ಎದ್ದಾಗ ಪ್ಯಾಂಟಿನ ಹಿಂಭಾಗ ಮುಳ್ಳಿನಲ್ಲೇ ಉಳಿದಿತ್ತು.

ಸೈದಾಬಿ ಸೊಂಟಕ್ಕೆ ಕೈಕೊಟ್ಟು ನಿಂತಳು. "ಕುರುಬ್ರಾಂವ ಆಗಿ ನಾಕ ಕುರಿ ಹಿಡ್ಯಾಕ ಬರೂದಿಲ್ಲೇನೋ ನಿನಗ?"

"ಇಲ್ಲಬೇ, ನಾ ಮಾಸ್ತರ ಅದೇನಿ."

"ಹೌದಪಾ, ನಾ ಡಿ.ಸಿ. ಅದೇನಿ. ಮೊದಲ ಹೊರಗ ಹೊಡಿ ಇವನ್ನ."

ವಸುಧಾ ಇಷ್ಟನ್ನೂ ತೆಗೆದುಕೊಂಡಿದ್ದಳು.

ಮನೆಗೆ ಹೋಗಿ ಪ್ಯಾಂಟು ಬದಲಿಸಲು ಹೊತ್ತಿರಲಿಲ್ಲ, ಬಾಗೇವಾಡಿಯ ಬಸ್ಸು ಹತ್ತುವ ಮೊದಲು ಇನ್ನೆರಡು ದೃಶ್ಯ ತೆಗೆಯಬೇಕಿತ್ತು. ಪಾಠದ ದೃಶ್ಯಕ್ಕೆ ಊರ ಶಾಲೆಯಲ್ಲಿ ಕಂಬಳಿ ತೆಗೆದು ನಿಂತ ಅಮಸಿದ್ದ ಮಕ್ಕಳಿಗೆ ಬೆನ್ನು ತಿರುಗಿಸುವಂತಿರಲಿಲ್ಲ. ಹಲಗೆಗೆ ಆತುಕೊಂಡು, ಕೈಯನ್ನು ಹೆಗಲ ಮೇಲಿಂದ ಹಿಂದಕ್ಕೆ ಚಾಚಿ, ಕಾಣದ ಹಲಗೆಯ ಮೇಲೆ ಲೆಕ್ಕ ಬರೆದ. ಅಂಕಿಗಳು ಜಾರಿ ನೆಲದ ಕಡೆ ಇಳಿದವು. ಧೋತರ ಬಿಚ್ಚಲೂ ಹೊತ್ತಿರದ ಧೀರೇಂದ್ರನ ಮೋಟರಿನ ದೃಶ್ಯಕ್ಕೆ ಜಾನಕಿಬಾಯಿ ಪಕ್ಕದಲ್ಲೇ ನಿಂತು, "ಧೋತರಕ್ಕ ಗ್ರೀಸ್ ಹತ್ತೀತು ನೋಡು" ಎನ್ನುತ್ತಿದ್ದರು. ಹುಟ್ಟು ಮೆಕ್ಯಾನಿಕ್ಕು ತಂತಿಯನ್ನು ಬಿಸಿ ಹಪ್ಪಳದಂತೆ ಎರಡು ಬೆರಳಲ್ಲಿ ಹಿಡಿದ.

ಸಂಜೆ ಸಭಾಭವನ ನಕ್ಕು ನಕ್ಕು ಸುಸ್ತಾಯಿತು. ಮೊದಲ ಬಹುಮಾನ ವಸುಧಾಳಿಗೇ ಬಂತು. ಮಾಲೀಕರು ಮೈಕು ಹಿಡಿದರು.

"ಜಾತಿ ನೋಡಿ ಮನಷ್ಯಾನ್ನ ಅಳೀಬಾರದು. ಈ ಚಿತ್ರ ನನ್ನ ಕಣ್ಣ ತೆರಸ್ತು. ಆದ್ರ ಒಂದ ಮಾತು. ಕುರಿ ಕಾಯೂದು ಅಗದೀ ಖರೇ ಅನಸ್ತು, ಅದು ರಕ್ತದಾಗ ಇರಬೇಕು. ಮಾಸ್ತರನ ಪಾತ್ರಕ್ಕ ಮಾತ್ರ ಆ ಹುಡುಗ ಒಪ್ಪಲಿಲ್ಲ. ಹಲಗಿ ಮ್ಯಾಲೆ ಬರ್ಯಾಕ ಬರೂದಿಲ್ಲ, ಪಾಪ. ಆಚಾರ್ರೂ ಅಷ್ಟ, ಜನ್ಮದಾಗ ಮೋಟರ್ ಮುಟ್ಟಿದವರಲ್ಲ ಅಂತ ಗೊತ್ತಾಗತೈತಿ."

ಅಮಸಿದ್ದ ಕಂಬಳಿಯನ್ನು ಸೊಂಟಕ್ಕೆ ಬಿಗಿಯಾಗಿ ಸುತ್ತಿಕೊಂಡು ವೇದಿಕೆಯ ಹಿಂದೆ ಓಡಿದ. ಅಲ್ಲಿ ಮಾಲೀಕರು ಆಗಲೇ ಧೀರೇಂದ್ರನ ಕೈ ಹಿಡಿದಿದ್ದರು.

"ಆಚಾರ್ರ, ನೀವು ಬೆರಳ ಮ್ಯಾಲೆ ಲೆಕ್ಕಾ ಹಾಕಿದ ಧಾಟಿ ನೋಡಿದೆ. ಗಣಿತದ ಜಾಗಾ ನಿಮ್ಮ ಸಲುವಾಗೇ ಖಾಲಿ ಐತಿ. ಸೋಮವಾರ ಬಂದ ಬಿಡ್ರಿ."

"ನಾ ಮೋಟರ್ ಸುತ್ತಾಂವ್ರಿ."

"ಎಷ್ಟ ಸೌಜನ್ಯ" ಎಂದು ಮಾಲೀಕರು ಸುತ್ತಲಿನವರನ್ನು ನೋಡಿದರು.

"ಸರ್, ಗಣಿತಾ ನಂದ್ರಿ. ಎಂ.ಎಸ್ಸಿ. ಆಗೇತ್ರಿ. ಹೋದ ತಿಂಗಳ ಬಂದಿದ್ನಲ್ಲಾ" ಎಂದ ಅಮಸಿದ್ದ.

ಮಾಲೀಕರು ಅವನ ಹೆಗಲು ತಟ್ಟಿದರು. "ಚಿತ್ರ ಮುಗೀತಪಾ ತಮ್ಮಾ. ಇನ್ನ ಪಾರ್ಟ್ ಬಿಡು."

ಇಂಡಿಗೆ ಹೊರಟ ಬಸ್ಸಿನಲ್ಲಿ ವಸುಧಾ ಬಹುಮಾನದ ಫಲಕ ಅಪ್ಪಿಕೊಂಡು ಮುಂದೆ ಕೂತಳು. ಹಿಂದೆ ಅಮಸಿದ್ದನ ಪಕ್ಕ ಕೂತ ಧೀರೇಂದ್ರ ಕೆಮ್ಮಿದ.

"ಸಿಟ್ಟ ಆಗಬ್ಯಾಡ ಅಮಸಿದ್ದಾ. ಈಗ ಮೋಟರ್ ಸುಟ್ರ ಎಲ್ಲಾರೂ ಹೊಸಾದ ತರ್ತಾರ, ಸುತ್ತಿಸಾವರು ಯಾರೂ ಬರವಲ್ರು. ನಾ ಅವರಿಗೆ ಹೂಂ ಅಂದು ಬಂದೀನಿ."

ಅಮಸಿದ್ದ ಕಿಟಕಿಯ ಕಡೆ ತಿರುಗಿದ.

"ನನಗ ಗಣಿತಾ ನೀನ ಕಲಸಬೇಕು ನೋಡು. ಇಲ್ಲಾಂದ್ರ ಆ ಹುಡುಗರ ಗತಿ ಏನು, ನೀನ ಹೇಳು."

ಅಮಸಿದ್ದ ಆ ಹುಡುಗರನ್ನು ನೆನೆದ. ತನ್ನ ಸಿಟ್ಟಿಗೆ ಅವರು ಯಾಕೆ ತಪ್ಪು ಲೆಕ್ಕ ಕಲಿಯಬೇಕು? ತಾಳಿಕೊಂಡು ಕೂರುವುದು ಅವನಿಂದ ಆಗಲಿಲ್ಲ. ತಗ್ಗಿದ ದನಿಯಲ್ಲಿ ಭಿನ್ನರಾಶಿಯಿಂದ ಶುರು ಮಾಡಿದ. ಅಂಗಡಿಯ ಸದ್ದಿನಲ್ಲಿ ಕೂಗಿ ಮಾತಾಡಿಯೇ ರೂಢಿಯಾಗಿದ್ದ ಧೀರೇಂದ್ರ ಪ್ರತಿ ಮಾತನ್ನೂ ಬಸ್ಸಿಗೆಲ್ಲ ಕೇಳುವಂತೆ ಬಾಯಿಪಾಠ ಮಾಡತೊಡಗಿದ. "ಮ್ಯಾಲಿಂದು ಅಂಶ, ಕೆಳಗಿಂದು ಛೇದ. ಛೇದ ಬ್ಯಾರೆ ಇದ್ರ ಹಂಗ ಕೂಡಸಬಾರದು."

ಮುಂದಿನ ಸೀಟಿನ ಮುದುಕಿಯೊಬ್ಬಳು ಹಿಂದಕ್ಕೆ ತಿರುಗಿ ಅಂಗಾರ ಅಕ್ಷತೆಯನ್ನು ನೋಡಿದಳು, ಕಂಬಳಿಯನ್ನು ನೋಡಿದಳು, ಧೀರೇಂದ್ರನಿಗೆ ಕೈ ಮುಗಿದಳು.

"ದೊಡ್ಡ ಮನಸ್ಸರಿ ಆಚಾರ್ರ ನಿಮ್ದು. ಕುರಿ ಕಾಯೂ ಹುಡುಗಗ ಬಸ್ಸಿನ್ಯಾಗ ಕುಂತು ಲೆಕ್ಕಾ ಕಲಸಾಕತ್ತೀರಿ." ಆಮೇಲೆ ಅಮಸಿದ್ದನ ಕಡೆ ತಿರುಗಿದಳು. "ಗುರುಗಳು ಅಷ್ಟು ಬಡ್ಕೊಳ್ಳಾಕತ್ತಾರ, ಗುಣುಗುಣು ಅಂದ್ರ ಹೆಂಗ? ದನಿ ತಗದು ಒಪ್ಪಸಪಾ."

ಬಸ್ಸಿನವರೆಲ್ಲ ತಿರುಗಿ ಕಾಯುತ್ತಿದ್ದರು.

"ಮ್ಯಾಲಿಂದು ಅಂಶ, ಕೆಳಗಿಂದು ಛೇದ" ಎಂದು ಅಮಸಿದ್ದ ಗಟ್ಟಿಯಾಗಿ ಒಪ್ಪಿಸಿದ.

"ಶಾಣ್ಯಾ ಅದಾನ" ಎಂದಳು ಮುದುಕಿ ಧೀರೇಂದ್ರನಿಗೆ. "ಎಲ್ಲಾ ನಿಮ್ಮ ಕೈಗುಣ ಬಿಡ್ರಿ."