ಜ್ಞಾಪಕದ ಹತ್ತು ಮರಗಳು

ಮರೆವು ಇರುವವನಿಗೆ ಒಂದು ಸೌಕರ್ಯವಿದೆ. ತನಗೆ ಮರೆವು ಇದೆ ಎಂಬುದೂ ಅವನಿಗೆ ಆಗಾಗ ಮರೆತುಹೋಗುತ್ತದೆ. ಆ ಸೌಕರ್ಯವನ್ನು ನನ್ನ ಹೆಂಡತಿ ನಂಜಮ್ಮ ನನಗೆ ಕೊಡಲಿಲ್ಲ. ನಾವು ಮುಳ್ಳನ್‌ಕೊಲ್ಲಿಯಲ್ಲಿ ಮೆಣಸಿನ ಬಳ್ಳಿ ಹಬ್ಬಿಸುತ್ತಿದ್ದ ಆ ಕಾಲದಲ್ಲಿ, ಕಬಿನಿ ದಾಟಿ ಆಚೆಯ ಸಂತೆಗೆ ಹೋಗುವವನು ನಾಲ್ಕಾರು ಮನೆಗಳ ಸಾಮಾನನ್ನೂ ಸುದ್ದಿಯನ್ನೂ ಹೊತ್ತು ತರಬೇಕೆಂಬುದು ರೂಢಿ. ನಾನು ಎಲ್ಲರಿಗೂ ‘ಆಗಲಿ’ ಎನ್ನುತ್ತಿದ್ದೆ. ನಶ್ಯ ಕೇಳಿದವರಿಗೆ ಸುಣ್ಣ ತಂದೆ. ಸುಣ್ಣ ಕೇಳಿದವರಿಗೆ ಅವರ ತಮ್ಮನ ಕ್ಷೇಮಸಮಾಚಾರ ತಂದೆ. ಒಮ್ಮೆ ಹೊಸ ಕೊಡೆ ತರಲು ಹೋಗಿ ಹಳೆಯದನ್ನೂ ಬಿಟ್ಟುಬಂದೆ.

ನಂಜಮ್ಮ ಚೊಚ್ಚಲ ಬಸುರಿಯಾದಾಗ ಇದು ನಗುವ ವಿಷಯವಾಗಿ ಉಳಿಯಲಿಲ್ಲ. “ಮಳೆ ಹಿಡಿದ್ರೆ ಹೊಳೆ ತುಂಬ್ತದೆ, ದೋಣಿ ನಿಲ್ತದೆ. ಅಷ್ಟರೊಳಗೆ ಬಾಣಂತನದ ಸಾಮಾನು ಬರ್ಬೇಕು, ಆಚೆಯಿಂದ ಅಮ್ಮನೂ ಬರ್ಬೇಕು. ನೀವು ಮರೆತ್ರೆ ಈ ಕಾಡಲ್ಲಿ ನಾನೊಬ್ಳೇ ಹೆರ್ಬೇಕು ರೀ,” ಎಂದಳು. ಬೇರೆ ಯಾರನ್ನಾದರೂ ಕಳಿಸೋಣವೆಂದರೆ, ಅಳಿಯನೇ ಬಂದು ಕರೆಯದೆ ನಮ್ಮತ್ತೆ ಹೊಸ್ತಿಲು ದಾಟುವವರಲ್ಲ. ನಂಜಮ್ಮನ ಕಣ್ಣಲ್ಲಿ ನೀರಿತ್ತು. ನನಗೆ ನಾಚಿಕೆಯಾಯಿತು. ಜ್ಞಾಪಕಶಕ್ತಿಯನ್ನು ಬೆಳೆಸಿಯೇ ತೀರುವುದೆಂದು ಹಟ ತೊಟ್ಟೆ.

ಎರಡು ತಿಂಗಳು ಸಾಧನೆ ನಡೆಯಿತು. ದಿನಾ ಬೆಳಿಗ್ಗೆ ಒಂದೆಲಗದ ಚಟ್ನಿ ತಿಂದೆ. ಗದ್ದೆಯ ಬದುವಿನಲ್ಲಿ ಒಂದೆಲಗ ಮುಗಿಯಿತು, ಮರೆವು ಮುಗಿಯಲಿಲ್ಲ. ಹದಿಮೂರರ ಮಗ್ಗಿಯನ್ನು ಹಿಂದಿನಿಂದ ಹೇಳುತ್ತ ಹಲ್ಲುಜ್ಜಿದೆ. ಮಗ್ಗಿ ತಪ್ಪಿದಾಗಲೆಲ್ಲ ಮೊದಲಿನಿಂದ ಉಜ್ಜಿ ಒಸಡು ಬಾತುಕೊಂಡಿತು. ಸಂಜೆ ದೀಪ ಹಚ್ಚುವ ಹೊತ್ತಿಗೆ, ಅಂದು ಮಾಡಿದ ಕೆಲಸಗಳನ್ನೆಲ್ಲ ಒಂದೂ ಬಿಡದೆ ನಂಜಮ್ಮನಿಗೆ ಒಪ್ಪಿಸಿದೆ. ಅವಳು ಕೊನೆಯವರೆಗೂ ಕೇಳಿ, “ದಿನಕ್ಕೆ ಇಷ್ಟೇನಾ ನೀವು ಮಾಡೋದು?” ಎಂದಳು. ಆ ಅಭ್ಯಾಸವನ್ನು ಅಲ್ಲಿಗೇ ಬಿಟ್ಟೆ.

ಕೊನೆಗೆ ಕೈಹಿಡಿದದ್ದು ಬಾಲ್ಯದಲ್ಲಿ ನಮ್ಮ ಮೇಷ್ಟರು ಹೇಳಿಕೊಟ್ಟಿದ್ದ ಉಪಾಯ. ನೆನಪಿಡಬೇಕಾದ ಒಂದೊಂದನ್ನೂ ದಾರಿಯ ಒಂದೊಂದು ಮರಕ್ಕೆ ಮನಸ್ಸಿನಲ್ಲೇ ನೇತುಹಾಕಬೇಕು. ನನ್ನ ಮನೆಯಿಂದ ದೋಣಿ ಕಡವಿನವರೆಗೆ ಮರಗಳಿಗೇನು ಬರ? ಹತ್ತನ್ನು ಆರಿಸಿಕೊಂಡೆ. ಮತ್ತಿಗೆ ಓಂಕಾಳು, ಬೀಟೆಗೆ ಹಿಪ್ಪಲಿ, ನೇರಳೆಗೆ ಒಣಶುಂಠಿ, ಹೀಗೆ ಒಂಬತ್ತು ಸಾಮಾನು ಒಂಬತ್ತು ಮರಕ್ಕೆ. ಎಲ್ಲಕ್ಕಿಂತ ಮುಖ್ಯವಾದ ಅತ್ತೆಯವರನ್ನು, ಅವರ ಗಾತ್ರಕ್ಕೂ ಗೌರವಕ್ಕೂ ತಕ್ಕ ಹಾಗೆ, ಎಲ್ಲಕ್ಕಿಂತ ದೊಡ್ಡ ಮರಕ್ಕೆ.

ಸಂತೆಯ ದಿನ ನಂಜಮ್ಮ ಅಂಗಳದ ಹಲಸಿನ ಕೆಳಗೆ ನಿಂತು, “ಎಲ್ಲಾ ನೆನಪಿದೆಯಾ?” ಎಂದಳು. “ಮರಗಳನ್ನೇ ಕೇಳು,” ಎಂದು ಬೀಗಿ ಹೊರಟೆ. ಇಳಿಜಾರು ತಿರುಗಿದರೆ ಮರಗಳೇ ಇಲ್ಲ. ತಿರುವಿತಾಂಕೂರಿನಿಂದ ಹೊಸದಾಗಿ ಬಂದಿದ್ದ ಔಸೇಪ್, ಮರಗೆಣಸು ಹಾಕಲೆಂದು ಅಣ್ಣತಮ್ಮಂದಿರ ಜೊತೆ ಸೇರಿ ವಾರದೊಳಗೆ ಎಲ್ಲವನ್ನೂ ಕಡಿದು, ಸುಟ್ಟು, ಬೋಳು ಮಾಡಿದ್ದ. ನಾನು ತಲೆಯ ಮೇಲೆ ಕೈಹೊತ್ತು ಕುಳಿತೆ. ಅಲ್ಲೇ ಅಗೆಯುತ್ತಿದ್ದ ಔಸೇಪ್ ಓಡಿಬಂದ. ವಿಷಯ ತಿಳಿದು ಅವನ ಮುಖ ಸಪ್ಪಗಾಯಿತು. “ಕ್ಷಮಿಕ್ಕಣಂ ಚೇಟಾ, ನಿಮ್ಮ ಲೆಕ್ಕದ ಮರ ಅಂತ ಗೊತ್ತಿರ್ಲಿಲ್ಲ,” ಎಂದು, ಬುಡದಿಂದ ಬುಡಕ್ಕೆ ನನ್ನನ್ನು ನಡೆಸಿದ. “ಇದು ಮತ್ತಿ. ಆ ಕಾಣೋದು ಬೀಟೆ.” ಬೂದಿಯಲ್ಲಿ ನಿಂತು ನಾನು ಓಂಕಾಳು, ಹಿಪ್ಪಲಿ ಎಂದು ಒಂದೊಂದನ್ನೇ ಹೆಕ್ಕಿಕೊಂಡೆ. ಒಂಬತ್ತು ಸಿಕ್ಕವು. ಹತ್ತನೆಯದು ಏನು ಮಾಡಿದರೂ ಸಿಗಲಿಲ್ಲ. ಬುಡ ಕೂಡ ಉಳಿಸದೆ ಸುಟ್ಟಿದ್ದಾನೆಂದು ಅವನನ್ನು ಚೆನ್ನಾಗಿ ಬೈದು ದೋಣಿ ಹತ್ತಿದೆ.

ಮಧ್ಯಾಹ್ನ ಒಂಬತ್ತು ಪೊಟ್ಟಣಗಳ ಚೀಲ ಹೊತ್ತು ಬಂದೆ. ನಂಜಮ್ಮ ಅದೇ ಹಲಸಿನ ಕೆಳಗೆ ನಿಂತು ನನ್ನ ಬೆನ್ನ ಹಿಂದೆ ನೋಡುತ್ತಿದ್ದಳು.

“ಇವನ್ನೆಲ್ಲ ಅರೆದು ಕೊಡೋರು ಎಲ್ಲಿ?”

ನಾನು ತಲೆಯೆತ್ತಿದೆ. ಹಲಸಿನ ಮರ ಒಂದೆಲೆಯೂ ಮುಕ್ಕಾಗದೆ ನಿಂತಿತ್ತು. ಅತ್ತೆಯವರು ಬೆಳಗಿನಿಂದ ಅಲ್ಲೇ ನೇತಾಡುತ್ತಿದ್ದರು.

ಪಡುವಣದಲ್ಲಿ ಮೋಡ ಕಟ್ಟಿತ್ತು. ಚೀಲವನ್ನು ಅಲ್ಲೇ ಇಟ್ಟು ಓಡಿದೆ. ಈ ಸಲ ಯಾವ ಮರದ ಹಂಗೂ ಇಲ್ಲದೆ, ‘ಅತ್ತೆ, ಅತ್ತೆ’ ಎಂದು ಬಾಯಿಬಿಟ್ಟು ಹೇಳಿಕೊಂಡೇ ಓಡಿ ಕೊನೆಯ ದೋಣಿ ಹಿಡಿದೆ. ಮರುದಿನ ಅತ್ತೆಯವರು ಬಂದರು, ಅದರ ಮರುದಿನ ಮಳೆ ಬಂತು, ತಿಂಗಳೊಳಗೆ ಮಗಳು ಬಂದಳು.

ಅತ್ತೆಯವರನ್ನು ಕರೆತರುವಾಗ ಔಸೇಪ್ ದಾರಿಯಲ್ಲಿ ಒಂದು ಹಲಸಿನ ಸಸಿ ಹಿಡಿದು ಕಾದಿದ್ದ. “ಆ ಹತ್ತನೇ ಮರ ನೆನೆದು ನಂಗೆ ಊಟ ಸೇರಲಿಲ್ಲ ಚೇಟಾ. ಅದು ಎಲ್ಲಿತ್ತು ಹೇಳಿ, ಅಲ್ಲೇ ಇದನ್ನ ನೆಡ್ತೀನಿ.” ನಾನು ಸ್ವಲ್ಪ ಯೋಚಿಸುವವನಂತೆ ನಿಂತು, ಒಂದು ಜಾಗ ತೋರಿಸಿದೆ. ಆ ಮರ ಈಗ ಕಾಯಿ ಬಿಡುತ್ತದೆ. ವರ್ಷವರ್ಷವೂ ಮೊದಲ ಹಣ್ಣನ್ನು ಅವನು ತಪ್ಪದೆ ನಮ್ಮ ಮನೆಗೆ ಕಳಿಸುತ್ತಾನೆ. ಈ ಸಲವಾದರೂ ಅವನಿಗೆ ನಿಜ ಹೇಳಿಬಿಡಬೇಕೆಂದು ಪ್ರತಿ ಸಲವೂ ಅಂದುಕೊಳ್ಳುತ್ತೇನೆ. ತೊಳೆ ಬಿಡಿಸುವಷ್ಟರಲ್ಲಿ ಮರೆತುಹೋಗುತ್ತದೆ.