ಹೃದಯದ ಯಂತ್ರಕ್ಕೆ ಬೀಗ ಹಾಕಿದವನ ಮನವಿ

ಇಂದ:
ಉಗ್ರಾಣ ಪಾಲಕ (ನಾಲ್ಕು ನಿಮಿಷ ಗೈರುಹಾಜರಾಗಿ, ಸದ್ಯ ಬದುಕಿ ಕರ್ತವ್ಯಕ್ಕೆ ಹಾಜರು),
ನೀರು ಸರಬರಾಜು ಕಚೇರಿ, ಮೆಟ್ಟಿಲ ಕೆಳಗಿನ ಕೋಣೆ.

ಗೆ:
ಮಾನ್ಯ ಮುಖ್ಯ ಎಂಜಿನಿಯರ್ ಸಾಹೇಬರು,
ಅದೇ ಕಚೇರಿ, ಅದೇ ಮೆಟ್ಟಿಲ ಮೇಲಿನ ಕೋಣೆ.

ವಿಷಯ: ಗುಡಿಸುವ ಅಕ್ಕನಿಗೆ ಕೊಟ್ಟ ನೋಟಿಸು ರದ್ದು ಮಾಡುವ, ಹೃದಯದ ಯಂತ್ರದ ಬೀಗ ತೆಗೆಸುವ ಹಾಗೂ ಒಂದು ಪೊರಕೆ ಮಂಜೂರು ಮಾಡುವ ಬಗ್ಗೆ.

ಉಲ್ಲೇಖ:
1. ಉಗ್ರಾಣ ನಿಯಮ 14 (ಬರೆದವನು: ಅರ್ಜಿದಾರ).
2. ಅಕ್ಕನಿಗೆ ಕೊಟ್ಟ ನೋಟಿಸು (ಟೈಪ್ ಮಾಡಿದವನು: ಅರ್ಜಿದಾರ).
3. ಅರ್ಜಿದಾರನ ಹೃದಯ ನಿಂತದ್ದು (ಪೂರ್ವಾನುಮತಿ ಪಡೆದಿರಲಿಲ್ಲ).

ಮಾನ್ಯರೇ,

ಮೇಲ್ಕಂಡ ವಿಷಯದಲ್ಲಿ ಅರ್ಜಿದಾರನು ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ:

1. ಅರ್ಜಿದಾರನು ಇಪ್ಪತ್ತಾರು ವರ್ಷಗಳಿಂದ ನಲ್ಲಿ, ಪೈಪು, ವಾಷರುಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದಿರುತ್ತಾನೆ. ಹಳೆಯದನ್ನು ತಂದು ಜಮಾ ಮಾಡದೆ ಹೊಸದನ್ನು ಯಾರಿಗೂ ಕೊಟ್ಟವನಲ್ಲ. ಸವೆದ ವಾಷರ್ ತಂದರೆ ಹೊಸ ವಾಷರ್, ಹಳೆ ಪೊರಕೆಯನ್ನು ಕೋಲುಸಮೇತ ತಂದರೆ ಹೊಸ ಪೊರಕೆ. ಈ ಕಾರಣಕ್ಕೆ ಸಿಬ್ಬಂದಿ ಆತನನ್ನು ಬೆನ್ನ ಹಿಂದೆ ‘ಬೀಗಪ್ಪ’ ಎನ್ನುತ್ತಾರೆ. ಅದು ಆತನಿಗೆ ಗೊತ್ತು, ಮತ್ತು ಒಳಗೊಳಗೇ ಇಷ್ಟ.

2. ಎರಡು ವರ್ಷದ ಹಿಂದೆ ಕಚೇರಿಗೆ ಡಿಫಿಬ್ರಿಲೇಟರ್ ಬಂತು, ಅಂದರೆ ನಿಂತ ಹೃದಯಕ್ಕೆ ಶಾಕ್ ಕೊಟ್ಟು ಎಬ್ಬಿಸುವ ಯಂತ್ರ. ಸಾರ್ವಜನಿಕರ ಕೈಗೆ ಸಿಗುವ ಕಡೆ ಇಡಬೇಕೆಂದು ಆದೇಶದಲ್ಲಿತ್ತು. ಸಾರ್ವಜನಿಕರ ಕೈಗೆ ಸಿಕ್ಕಿದ್ದು ಉಳಿಯುವುದುಂಟೇ? ಆದ್ದರಿಂದ ಅರ್ಜಿದಾರನು ಅದನ್ನು ಉಗ್ರಾಣದ ಹಿಂಗೋಡೆಯಲ್ಲಿ, ಪೈಪುಗಳ ಅಟ್ಟಣೆಯ ಆಚೆ, ಗಾಜಿನ ಪೆಟ್ಟಿಗೆಯೊಳಗಿಟ್ಟು ಬೀಗ ಜಡಿದನು. ಕೀಲಿಯನ್ನು ಸೊಂಟದ ಗೊಂಚಲಿಗೆ ಸೇರಿಸಿದನು. ಗೊಂಚಲಿನಲ್ಲಿ ಒಟ್ಟು ನಲವತ್ತಮೂರು ಕೀಲಿ. ಗುರುತು ಹಾಕಿದರೆ ಕಳ್ಳನಿಗೆ ಅನುಕೂಲ ಎಂಬ ಕಾರಣಕ್ಕೆ ಒಂದಕ್ಕೂ ಗುರುತಿರಲಿಲ್ಲ.

3. ಯಂತ್ರ ಬಳಸುವುದನ್ನು ಕಲಿಸಲು ನರ್ಸಮ್ಮ ಒಬ್ಬರು ಬಂದಿದ್ದರು. ಮುಟ್ಟಿದರೆ ಹಳೆಯದಾಗುತ್ತದೆಂದು ಅರ್ಜಿದಾರನು ಬಿಡಲಿಲ್ಲ. ಆಕೆ ಗಾಜಿನ ಹೊರಗಿಂದಲೇ ಬೆರಳು ತೋರಿಸಿ ಪಾಠ ಮುಗಿಸಿ ಹೋದರು. ಜತೆಗೆ ನಿಯಮ 14 ಜಾರಿಗೆ ಬಂತು: ‘ಯಂತ್ರ ಬೇಕಾದವರು ಮೂರು ಪ್ರತಿಗಳಲ್ಲಿ ಬೇಡಿಕೆ ಚೀಟಿ (ಇಂಡೆಂಟ್) ಸಲ್ಲಿಸಿ ಉಗ್ರಾಣ ಪಾಲಕರ ಸಹಿ ಪಡೆಯತಕ್ಕದ್ದು. ಗಾಜು ಒಡೆದವರನ್ನು ಕೆಲಸದಿಂದ ತೆಗೆಯಲಾಗುವುದು.’

4. ಆ ಗಾಜನ್ನು ದಿನಾ ಒರೆಸುತ್ತಿದ್ದವಳು ಗುಡಿಸುವ ಅಕ್ಕ. ಒರೆಸುತ್ತ, ಯಂತ್ರದ ಮೇಲಿದ್ದ, ಬಳಸುವ ಕ್ರಮ ತೋರಿಸುವ ಚಿತ್ರಗಳನ್ನು ನೋಡುತ್ತ ನಿಲ್ಲುತ್ತಿದ್ದಳು. ಅರ್ಜಿದಾರನು ಗದರಿದರೆ, “ನೋಡಿದ್ರೆ ಸವೆಯುತ್ತಾ ಸಾರ್?” ಎನ್ನುತ್ತಿದ್ದಳು. ಸವೆಯುವುದಿಲ್ಲವೆಂದು ಆತನಿಗೆ ಖಾತ್ರಿಯಿರಲಿಲ್ಲವಾದ್ದರಿಂದ ಮತ್ತೆ ಗದರುತ್ತಿದ್ದನು.

5. ಹೀಗಿರುವಲ್ಲಿ, ಕಳೆದ ತಿಂಗಳು ಒಂದು ಬೆಳಿಗ್ಗೆ ಮೀಟರ್ ಓದುವವನು ಬಂದು ವಾಷರ್ ಕೇಳಿದನು. “ಹಳೇದೆಲ್ಲಿ?” ಎಂದು ಕೇಳುತ್ತಿದ್ದಂತೆ ಅರ್ಜಿದಾರನು ಕೌಂಟರಿನ ಹಿಂದೆ ದೊಪ್ಪನೆ ಬಿದ್ದನು. ಹೃದಯ ನಿಂತಿತ್ತು. ಮುಂದಿನದಕ್ಕೆ ಅರ್ಜಿದಾರನು ಲಭ್ಯನಿರಲಿಲ್ಲವಾದ ಕಾರಣ ಇತರರ ಹೇಳಿಕೆಗಳನ್ನು ಆಧರಿಸಲಾಗಿದೆ.

6. ಮೀಟರ್ ಓದುವವನು ಕೌಂಟರ್ ಹಾರಿ ಎದೆ ಒತ್ತತೊಡಗಿದನು. ಆಂಬುಲೆನ್ಸಿಗೆ ಫೋನ್ ಹೋಯಿತು. ತಾವೂ ಮೆಟ್ಟಿಲಿಳಿದು ಓಡಿ ಬಂದಿರಿ. “ಯಂತ್ರದ ಕೀಲಿ ಎಲ್ಲಪ್ಪಾ?” ಎಂದು ಎಲ್ಲರೂ ಡ್ರಾಯರು, ಡಬ್ಬಿ, ಅರ್ಜಿದಾರನ ಛತ್ರಿಯ ಒಳಗೆ ಸಹ ತಡಕಾಡಿದರು. ಎದೆ ಒತ್ತಿದಾಗಲೆಲ್ಲ ಸೊಂಟದ ಗೊಂಚಲು ಝಣ್ ಝಣ್ ಎನ್ನುತ್ತಿದ್ದರೂ ಯಾರಿಗೂ ಹೊಳೆಯಲಿಲ್ಲ. ಕೊನೆಗೆ ಹೊಳೆದದ್ದು ತಮಗೆ. ಗೊಂಚಲು ಬಿಚ್ಚಿಕೊಂಡು ತಾವು ಪೆಟ್ಟಿಗೆಯತ್ತ ಧಾವಿಸಿ, ಒಂದೊಂದೇ ಕೀಲಿ ಹಾಕಿ ನೋಡತೊಡಗಿದಿರಿ.

7. ತಾವು ಒಂಬತ್ತನೆಯ ಕೀಲಿಯಲ್ಲಿದ್ದಾಗ ಹಿಂದಿನಿಂದ, “ಸಾರ್, ಸ್ವಲ್ಪ ಸರೀರಿ,” ಎಂಬ ಧ್ವನಿ ಕೇಳಿತು. ತಾವು ಸರಿದದ್ದು ಒಳ್ಳೆಯದಾಯಿತು. ಅಕ್ಕ ಪೊರಕೆಯ ಉದ್ದ ಕೋಲು ತಿರುಗಿಸಿ ಒಂದೇ ಏಟು ಹಾಕಿದಳು. ಗಾಜು ಪುಡಿಯಾಯಿತು, ಕೋಲು ಎರಡಾಯಿತು. ನಿಯಮ 14ರ ಗತಿಯೂ ಅದೇ ಆಯಿತು.

8. ಯಂತ್ರ ತೆರೆದೊಡನೆ ಅದೇ ಮಾತಾಡಿ ಹೇಳಿಕೊಡುತ್ತದೆ. ಅಕ್ಕ ಅರ್ಜಿದಾರನ ಅಂಗಿ ಹರಿದು ಎದೆಗೆ ಎರಡು ಪಟ್ಟಿ ಅಂಟಿಸಿದಳು. “ಯಾರೂ ಮುಟ್ಟಬೇಡಿ” ಎಂದಿತು ಯಂತ್ರ. “ಕೇಳಿಸ್ತಾ? ಎಲ್ಲಾ ದೂರ!” ಎಂದಳು ಅಕ್ಕ. ಇಪ್ಪತ್ತಾರು ವರ್ಷದಲ್ಲಿ ಉಗ್ರಾಣದೊಳಗೆ ಅರ್ಜಿದಾರನನ್ನು ಬಿಟ್ಟು ಇನ್ನೊಬ್ಬರು ಆ ಮಾತು ಹೇಳಿದ್ದು ಅದೇ ಮೊದಲು. ಗುಂಡಿ ಒತ್ತಿದಳು. ಶಾಕ್ ಹೊಡೆಯಿತು. ಮತ್ತೆ ಎದೆ ಒತ್ತಿದರು. ಸ್ವಲ್ಪ ಹೊತ್ತಿಗೆ ಅರ್ಜಿದಾರನು ಕಣ್ಣು ಬಿಟ್ಟು, “ಇಂಡೆಂಟ್ ಹಾಕಿದ್ರಾ?” ಎಂದನಂತೆ. ಬೆವರಲ್ಲಿ ತೊಯ್ದಿದ್ದ ಮೀಟರ್ ಓದುವವನು, “ಹೊಸ ಜೀವ ಕೊಟ್ಟಿದ್ದೀವಿ, ಹಳೇದು ಬೇಗ ಜಮಾ ಮಾಡಿ ಸಾರ್,” ಎಂದನಂತೆ.

9. ಆಸ್ಪತ್ರೆಯ ನರ್ಸಮ್ಮ (ಗಾಜಿನ ಹೊರಗೆ ನಿಂತು ಪಾಠ ಮಾಡಿದವರೇ) ಗುರುತು ಹಿಡಿದು ಹೇಳಿದರು: “ಒಂದೊಂದು ನಿಮಿಷ ತಡ ಆದ್ರೂ ಬದುಕೋ ಸಾಧ್ಯತೆ ಇಳೀತಾ ಹೋಗುತ್ತೆ. ನಲವತ್ತಮೂರು ಕೀಲಿನೂ ನೋಡೋಷ್ಟು ಹೊತ್ತು ನಿಮ್ಮ ಹತ್ರ ಇರ್ಲಿಲ್ಲ.”

10. ಇನ್ನು ಬರೆಯಲು ನಾಚಿಕೆಯಾಗುವ ಅಂಶ. ಮೂರು ವಾರದ ನಂತರ ಕೆಲಸಕ್ಕೆ ಬಂದ ದಿನ ಅರ್ಜಿದಾರನ ಮೇಜಿನ ಮೇಲೆ ಬಾಕಿ ಕಡತಗಳಿದ್ದವು. ‘ಗಾಜು ಒಡೆದಿದೆ, ನಿಯಮ 14ರಂತೆ ಕ್ರಮ’ ಎಂದು ಒಂದರಲ್ಲಿತ್ತು. ಕೈಗೆ ರೂಢಿ. ಏಳು ದಿನದೊಳಗೆ ತೃಪ್ತಿಕರ ವಿವರಣೆ ಕೊಡದಿದ್ದರೆ ಕೆಲಸದಿಂದ ತೆಗೆಯಲಾಗುವುದೆಂದು ನೋಟಿಸು ಟೈಪ್ ಮಾಡಿ, ಇತರ ಕಾಗದಗಳ ನಡುವೆ ಸೇರಿಸಿ ತಮ್ಮ ಸಹಿ ಮಾಡಿಸಿ, ತಾನೇ ಒಯ್ದು ಅಕ್ಕನ ಕೈಗಿಟ್ಟು, “ಇಲ್ಲಿ ಸಹಿ ಹಾಕು” ಎಂದನು. ಆಕೆ ನಿಧಾನವಾಗಿ ಓದಿದಳು. “ಸಾರ್, ಇದು ನಿಮಗೋಸ್ಕರ ಒಡೆದ ಗಾಜಲ್ವಾ?” ಎಂದಳು. ಆಮೇಲೆ ಸಹಿ ಹಾಕಿ, ಮುರಿದ ಮೋಟುಪೊರಕೆ ಹಿಡಿದು ನಡು ಬಗ್ಗಿಸಿ ಗುಡಿಸಲು ಹೋದಳು. ಅರ್ಜಿದಾರನಿಗೆ, ಅಂದರೆ ನನಗೆ, ಪೈಪುಗಳ ಹಿಂದೆ ನಿಂತು ಅಳು ಬಂತು.

11. ಮನೆಯಲ್ಲಿ ವಿಷಯ ತಿಳಿದ ಅರ್ಜಿದಾರನ ಹೆಂಡತಿ, “ಜೀವ ಉಳಿಸಿದವಳಿಗೆ ನೋಟಿಸಾ? ಇವತ್ತಿಂದ ಊಟಕ್ಕೂ ಇಂಡೆಂಟ್ ಹಾಕಿ. ಹಳೇ ಊಟ ತಂದು ಕೊಟ್ರೆ ಹೊಸದು ಬಡಿಸ್ತೀನಿ,” ಎಂದು ತಟ್ಟೆ ಎತ್ತಿಟ್ಟಿದ್ದಾಳೆ. ಈ ಅರ್ಜಿಯನ್ನು ಖಾಲಿ ಹೊಟ್ಟೆಯಲ್ಲಿ ಬರೆಯಲಾಗಿದೆ.

ಏಳು ದಿನದ ಗಡುವು ನಾಳೆಗೆ ಮುಗಿಯುತ್ತದೆ. ಅಕ್ಕ ವಿವರಣೆ ಬರೆದಿಲ್ಲ. “ಏನಂತ ಬರೀಲಿ? ನೀವು ಓಡಾಡ್ತಿದ್ದೀರಲ್ಲ, ಅದೇ ವಿವರಣೆ,” ಎನ್ನುತ್ತಾಳೆ. ಆದ್ದರಿಂದ, ಮೇಲಿನ ಎಲ್ಲ ಕಾರಣಗಳಿಂದ, ತಾವು ದಯಮಾಡಿ:

ಅ) ಅರ್ಜಿದಾರನನ್ನೇ ಖುದ್ದು ಪರಿಶೀಲಿಸಿ, ತೃಪ್ತಿಕರ ವಿವರಣೆಯೆಂದು ಸ್ವೀಕರಿಸಿ ನೋಟಿಸನ್ನು ಇಂದೇ ರದ್ದು ಮಾಡಬೇಕು.

ಆ) ಯಂತ್ರವನ್ನು ಬೀಗವಿಲ್ಲದ ಪೆಟ್ಟಿಗೆಯಲ್ಲಿ, ಮುಂಬಾಗಿಲ ಹೊರಗೆ, ಜನ ಸಾಲು ನಿಲ್ಲುವ ಕಡೆ ಇಡಿಸಬೇಕು. ಕಚೇರಿ ಐದಕ್ಕೆ ಮುಚ್ಚುತ್ತದೆ, ಹೃದಯಗಳಿಗೆ ಆ ನಿಯಮ ಅನ್ವಯಿಸುವುದಿಲ್ಲ. ಬೀದಿಯ ತಿರುವಿನಿಂದಲೇ ಕಾಣುವಂತೆ ಬಾಣದ ಗುರುತು ಬರೆಸಬೇಕು.

ಇ) ಎಲ್ಲ ಸಿಬ್ಬಂದಿಗೆ ಅಕ್ಕನಿಂದ ತರಬೇತಿ ಕೊಡಿಸಬೇಕು. ನೆಲದ ಮೇಲೆ ಮಲಗುವ ಪಾತ್ರಕ್ಕೆ ಅರ್ಜಿದಾರನು ಸಿದ್ಧ. ಅನುಭವವಿದೆ.

ಈ) ಅಕ್ಕನಿಗೆ ಉದ್ದ ಕೋಲಿನ ಹೊಸ ಪೊರಕೆಯೊಂದನ್ನು, ಹಳೆಯದನ್ನು ಜಮಾ ಮಾಡದೆಯೇ, ವಿಶೇಷ ಪ್ರಕರಣವೆಂದು ಮಂಜೂರು ಮಾಡಬೇಕು.

ತಮ್ಮ ವಿಶ್ವಾಸಿ, ಅಕ್ಕನ ಋಣಿ,
ಉಗ್ರಾಣ ಪಾಲಕ

ಲಗತ್ತುಗಳು:
1. ಪೆಟ್ಟಿಗೆಯ ಬೀಗ, ಒಂದು. ಹಿಂದಿರುಗಿಸಬೇಕಾಗಿಲ್ಲ.
2. ಕೀಲಿಗಳು, ನಲವತ್ತಮೂರು. ಎಲ್ಲಕ್ಕೂ ಗುರುತಿನ ಚೀಟಿ ಕಟ್ಟಿದೆ.
3. ಅರ್ಜಿದಾರನು ಬದುಕಿರುವ ಬಗ್ಗೆ ವೈದ್ಯರ ಪ್ರಮಾಣಪತ್ರ.
4. ಪೊರಕೆಯ ಕೋಲಿನ ಮುರಿದ ಅರ್ಧ: ಲಗತ್ತಿಸಿಲ್ಲ. ಅದು ಅರ್ಜಿದಾರನ ಮನೆಯಲ್ಲಿ, ಮಂಚದ ತಲೆದೆಸೆಯಲ್ಲಿದೆ. ಅದನ್ನು ಜಮಾ ಮಾಡಲು ಆತನಿಗೆ ಮನಸ್ಸಿಲ್ಲ. ಈ ಬಗ್ಗೆ ಆತನ ಮೇಲೆ ನಿಯಮದಂತೆ ಕ್ರಮ ಜರುಗಿಸಬೇಕಾಗಿ ವಿನಂತಿ.