ತೆಗೆದಿಟ್ಟ ಬಿಸಿಲು

ಕೆಲವರಿಗೆ ಇಲ್ಲದ್ದರ ಚಿಂತೆ. ನನಗೆ ಇದ್ದದ್ದರ ಚಿಂತೆ. ಇಲ್ಲದ್ದರ ಚಿಂತೆಗಾದರೂ ಒಂದು ಕೊನೆಯುಂಟು. ಇಲ್ಲ ಎಂದಮೇಲೆ ಇಲ್ಲ, ಹೊದ್ದು ಮಲಗಬಹುದು. ಇದ್ದದ್ದು ಮುಗಿದುಹೋದರೆ ಏನು ಗತಿ ಎಂದು ಹೆದರುವವನಿಗೆ ಮಾತ್ರ ನಿದ್ದೆಯಿಲ್ಲ. ಇದು ನನಗೆ ರಕ್ತದಲ್ಲೇ ಬಂದದ್ದು. ಬಾಗಲಕೋಟೆಯ ನಮ್ಮ ಮನೆಯಲ್ಲಿ ಅವ್ವ ಟ್ರಂಕಿನೊಳಗೆ ನಾಲ್ಕು ಹೊಸ ಸೋಲಾಪುರ ಚಾದರ ಇಟ್ಟಿದ್ದಳು, ಬೀಗರು ಬಂದಾಗ ಹಾಸಲಿಕ್ಕೆಂದು. ಬೀಗರು ಬಂದರು. "ಒಂದು ರಾತ್ರಿ ಇರಾವ್ರು, ಸುಮ್ನ ಹೊಲಸಾಗ್ತಾವ" ಎಂದು ಅವ್ವ ಹಳೆಯವನ್ನೇ ಹಾಸಿದಳು. ಕೊನೆಗೊಂದು ದಿನ ಟ್ರಂಕು ತೆಗೆದಾಗ ಹೊಸ ಚಾದರಗಳೆಲ್ಲ ಮಡಿಕೆಯ ಗುಂಟ ಹರಿದಿದ್ದವು. ಅವ್ವ ಅವನ್ನು ಮತ್ತೆ ಮಡಿಚಿ ಒಳಗಿಟ್ಟಳು. ಅಂಥವಳ ಮಗ ನಾನು, ನನ್ನ ಕೈಗೆ ಸೋಲಾರ್ ಕೊಟ್ಟರೆ ಏನಾಗಬೇಕೋ ಅದೇ ಆಯಿತು.

ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ಮೇಲೆ, ತೆಲುಗು ಸೀಮೆಯ ದೊಡ್ಡ ಶಹರದ ಒಂದು ತುದಿಯ ಕುಷಾಯಿಗೂಡದಲ್ಲಿ ನನ್ನದೊಂದು ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ. ಊರಿನ ಆ ತುದಿಯಲ್ಲಿ ದಿನಕ್ಕೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ ಅದು. ಅದರೊಳಗೆ ಹೋಗಬೇಕೆನ್ನುವ ಮಕ್ಕಳೆಲ್ಲ ಈ ತುದಿಯಲ್ಲಿ ನನ್ನ ಹತ್ತಿರ ಬಯೋಡೇಟಾ ಮಾಡಿಸಿಕೊಳ್ಳಲು ಬರುತ್ತಿದ್ದರು. ಆ ಕಟ್ಟಡಗಳಲ್ಲಿ ಕರೆಂಟು ಹೋಗುತ್ತಿರಲಿಲ್ಲವಂತೆ. ನಮ್ಮಲ್ಲಿ ಹೋಗುತ್ತಿತ್ತು, ಹೇಳದೆ ಕೇಳದೆ, ದಿನಕ್ಕೆ ಎರಡು ಸಲ, ಬೇಸಿಗೆಯಲ್ಲಿ ನಾಲ್ಕು ಸಲ. ಕೊನೆಗೆ ನನ್ನ ಹೆಂಡತಿ ಸುಶೀಲಾ ಹಟ ಹಿಡಿದು ಖಾದರ್ ಎಂಬ ಮೆಕ್ಯಾನಿಕ್‌ನನ್ನು ಕರೆಸಿದಳು. ಅವನು ಮಾಳಿಗೆಯ ಮೇಲೆ ನಾಲ್ಕು ಸೋಲಾರ್ ಪ್ಯಾನೆಲ್ಲು, ಕೆಳಗೆ ಎರಡು ಬ್ಯಾಟರಿ ಮತ್ತು ಒಂದು ಇನ್ವರ್ಟರ್ ಕೂಡಿಸಿದ. ಜೆರಾಕ್ಸ್ ಯಂತ್ರದ ಭಾರ ಅದು ತಡೆಯದು, ಆದರೆ ಕಂಪ್ಯೂಟರು, ಸ್ಕ್ಯಾನರು, ಟ್ಯೂಬ್‌ಲೈಟು, ಫ್ಯಾನು ಆರಾಮಾಗಿ ನಡೆಯುತ್ತವೆ ಎಂದ.

ಕರೆಂಟು ಹೋದೊಡನೆ ಇನ್ವರ್ಟರ್ ತಾನಾಗಿಯೇ ಶುರುವಾಗುವ ಏರ್ಪಾಡು ಅದರಲ್ಲಿತ್ತು. ಅದು ನನಗೆ ಸರಿಬರಲಿಲ್ಲ. ನನ್ನನ್ನು ಒಂದು ಮಾತೂ ಕೇಳದೆ ನನ್ನ ಬ್ಯಾಟರಿ ಖರ್ಚಾಗುವುದೆಂದರೇನು? ಖಾದರ್‌ನನ್ನು ಕಾಡಿ ಬೇಡಿ ನನ್ನ ಕುರ್ಚಿಯ ಪಕ್ಕ ಒಂದು ಸ್ವಿಚ್ಚು ಹಾಕಿಸಿದೆ. ಅಂದಿನಿಂದ ಕರೆಂಟು ಹೋದಾಗೆಲ್ಲ ನಾನು ಕೈಯಲ್ಲಿ ಬೀಸಣಿಕೆ ಹಿಡಿದು ಆಲೋಚಿಸುತ್ತಿದ್ದೆ: ಇದು ನಿಜವಾದ ಆಪತ್ತೋ, ಅಥವಾ ಇದಕ್ಕಿಂತ ದೊಡ್ಡದು ಮುಂದೆ ಕಾದಿದೆಯೋ? ಆಲೋಚನೆ ಮುಗಿಯುವುದರೊಳಗೆ ಕರೆಂಟು ಬರುತ್ತಿತ್ತು, ಗಿರಾಕಿ ಹೋಗಿರುತ್ತಿದ್ದ. ಬ್ಯಾಟರಿ ಮಾತ್ರ ಉಳಿದಿರುತ್ತಿತ್ತು. ದಿನಕ್ಕೆರಡು ಬಾರಿ ಮಾಳಿಗೆ ಹತ್ತಿ ಪ್ಯಾನೆಲ್ಲು ಒರೆಸುತ್ತಿದ್ದೆ, ಮೋಡ ಕಂಡರೆ ಅದು ದಾಟುವವರೆಗೆ ಅಲ್ಲೇ ನಿಲ್ಲುತ್ತಿದ್ದೆ. ಆಯುಧ ಪೂಜೆಯ ದಿನ ನಾಲ್ಕಕ್ಕೂ ಅಡ್ಡಡ್ಡ ವಿಭೂತಿ ಬಳಿದು, ಮೇಲೆ ಚೆಂಡುಹೂವಿನ ಮಾಲೆ ಹೊದಿಸಿ ಬಂದಿದ್ದೆ. ಪೂಜೆ ಅಳಿಯಬಾರದೆಂದು ಮೂರು ದಿನ ಒರೆಸಲೂ ಇಲ್ಲ, ಬ್ಯಾಟರಿ ಏಕೆ ಸೊರಗಿತೆಂದು ಚಿಂತಿಸಿದ್ದೇ ಬಂತು.

ಏಪ್ರಿಲ್ಲಿನ ಒಂದು ಮಧ್ಯಾಹ್ನ ನಾಲ್ಕು ಗಂಟೆಗೆ ಪ್ರೇಮಾ ಬಂದಳು. ಗದಗಿನ ಹುಡುಗಿ, ನಮ್ಮ ಹಿಂದಿನ ಓಣಿಯ ಹಾಸ್ಟೆಲಿನಲ್ಲಿದ್ದು ಒಂದು ವರ್ಷದಿಂದ ಕೆಲಸ ಹುಡುಕುತ್ತಿದ್ದಳು. ಆಕೆಯ ಬಯೋಡೇಟಾ ನನಗೆ ಬಾಯಿಪಾಠ. ಕೊನೆಗೂ ಒಂದು ಕಂಪನಿಯವರು ಆರಿಸಿದ್ದರು. ಹನ್ನೊಂದು ಕಾಗದಗಳಿಗೆ ಸಹಿ ಹಾಕಿ, ಸ್ಕ್ಯಾನ್ ಮಾಡಿ, ಐದು ಗಂಟೆಯೊಳಗೆ ಕಳಿಸಬೇಕು, ತಪ್ಪಿದರೆ ಆ ಜಾಗ ಪಟ್ಟಿಯಲ್ಲಿ ಮುಂದಿನವರಿಗೆ. ಎರಡನೆಯ ಕಾಗದ ಗಾಜಿನ ಮೇಲಿರುವಾಗ ಕರೆಂಟು ಹೋಯಿತು.

"ಕಾಕಾ, ಇನ್ವರ್ಟರ್ ಹಚ್ರಿ," ಎಂದಳು.

"ಹತ್ತು ನಿಮಿಷ ತಡಿಯವ್ವಾ, ಈಗ ಬರ್ತೈತಿ."

ಸುಳ್ಳು ಹೇಳಿದೆನೆಂದಲ್ಲ. ಮರುದಿನ ಬೆಳಿಗ್ಗೆ ಪರೀಕ್ಷೆಯ ಹಾಲ್ ಟಿಕೆಟ್ ತೆಗೆಸಲು ಮಕ್ಕಳು ಸಾಲುಗಟ್ಟುವವರಿದ್ದರು. ರಾತ್ರಿಯಿಡೀ ಕರೆಂಟು ಬಾರದಿದ್ದರೆ? ನಾಳೆ ಮೋಡ ಮುಸುಕಿದರೆ? ಒಬ್ಬಳ ಆಪತ್ತೋ, ಮೂವತ್ತು ಜನರ ಆಪತ್ತೋ? ನಾನು ಹೀಗೆ ತಕ್ಕಡಿ ತೂಗುತ್ತ ಕೂತಿದ್ದರೆ ಆ ಹುಡುಗಿ ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದಳು. ನಾಲ್ಕೂಕಾಲಾಯಿತು. ನಾಲ್ಕೂವರೆಯಾಯಿತು.

"ಕಾಕಾ, ಭಾಳ ಅಂದ್ರ ಭಾಳ ಅರ್ಜೆಂಟ್ ಐತ್ರಿ," ಎಂದಳು.

ಒಳಗೆ ಪುಸ್ತಕಗಳಿಗೆ ಬೈಂಡು ಹಾಕುತ್ತಿದ್ದ ಸುಶೀಲಾ ಅಂಟಿನ ಕೈಯಲ್ಲೇ ಎದ್ದು ಬಂದಳು. ನನ್ನ ಮೇಲಿಂದ ಕೈ ಚಾಚಿ ಸ್ವಿಚ್ಚು ಒತ್ತಿದಳು. "ಇದು ಅರ್ಜೆಂಟ್ ಅಲ್ಲಂದ್ರ ಮತ್ಯಾವುದ್ರೀ ಅರ್ಜೆಂಟು? ಮಳಿಗಾಲಕ್ಕಂತ ಉಪ್ಪಿನಕಾಯಿ ಹಾಕಿ ಇಟ್ಟೀರೇನು ಕರೆಂಟನ್ನ?"

ಕಂಪ್ಯೂಟರು ಎಚ್ಚರವಾಯಿತು. ನಾನು ಕಾಗದ ಇಡುತ್ತ ಹೋದೆ. ನಡುವೆ ಎದ್ದು ಫ್ಯಾನು ಆರಿಸಿದೆ. ಆರನೆಯ ಕಾಗದಕ್ಕೆ ಟ್ಯೂಬ್‌ಲೈಟೂ ಆರಿಸಿದೆ. ಬೆವರು ಹನಿಯದಂತೆ ಪ್ರೇಮಾ ಕಾಗದಗಳನ್ನು ದೂರ ಹಿಡಿದು ನಿಂತಿದ್ದಳು. ಐದಕ್ಕೆ ಎಂಟು ನಿಮಿಷ ಇರುವಾಗ ಹನ್ನೊಂದೂ ಹೋದವು. ಎಲ್ಲ ತಲುಪಿತೆಂದು ಕಂಪನಿಯವರ ಉತ್ತರ ಬಂತು. ಅದನ್ನು ಎರಡು ಸಲ ಓದಿ ಆಕೆ ಮೇಜಿನ ಮೇಲೆ ತಲೆಯಿಟ್ಟಳು.

"ಮನ್ಯಾಗ ಇನ್ನೂ ಯಾರಿಗೂ ಹೇಳಿಲ್ರಿ ಕಾಕಾ. ತಪ್ಪಿದ್ರ ಹೆಂಗಂತ ಅಂಜಿಕಿ," ಎಂದಳು.

ನನಗೆ ನಾಚಿಕೆಯಾಯಿತು. ಹಾಗೆಂದು ಹೇಳಿಕೊಳ್ಳಲು ಅಡ್ಡಿಯಿಲ್ಲ. ಅಡ್ಡಿಯಿರುವುದು ಅದರ ಮುಂದಿನದನ್ನು ಹೇಳಲು. ಆಕೆ ಹೋಗಿ ಹತ್ತು ನಿಮಿಷಕ್ಕೆ ಕರೆಂಟು ಬಂತು. ಆಗ ನನ್ನ ಮನಸ್ಸಿಗೆ ಮೊದಲು ಬಂದ ಮಾತು, 'ಇನ್ನೊಂದಿಷ್ಟು ತಡೆದಿದ್ದರೆ ಬ್ಯಾಟರಿ ಉಳಿಯುತ್ತಿತ್ತು' ಎಂಬುದು.

ಮರುದಿನ ಹಾಲ್ ಟಿಕೆಟಿನ ಮಕ್ಕಳು ಬಂದರು, ಕರೆಂಟೂ ಇತ್ತು, ಅವರು ಹೋದರು. ಆದರೂ ಎಷ್ಟು ಖರ್ಚಾಗಿದೆಯೋ ನೋಡಿಬಿಡು ಎಂದು ಮಧ್ಯಾಹ್ನ ಖಾದರ್‌ನನ್ನು ಕರೆಸಿದೆ. ಅವನು ಗೋಡೆಯ ಡಬ್ಬಿಯಲ್ಲಿ ಉರಿಯುವ ಹಸಿರು ದೀಪ ತೋರಿಸಿದ. ಬ್ಯಾಟರಿ ಆಗಲೇ ಭರ್ತಿ. ದಿನಾ ಹನ್ನೆರಡರೊಳಗೆ ಭರ್ತಿಯಾಗುತ್ತದೆ, ಆಮೇಲೆ ಎಷ್ಟು ಬಿಸಿಲು ಬಿದ್ದರೂ ಹಿಡಿಸಲು ಜಾಗವಿಲ್ಲ, ತುಂಬಿದ ಕೊಡ ನಲ್ಲಿಯ ಕೆಳಗಿಟ್ಟ ಹಾಗೆ ಎಂದು ವಿವರಿಸಿದ. ಆಮೇಲೆ ನಿಜವಾಗಿಯೂ ಅರ್ಥವಾಗದವನ ಹಾಗೆ ಕೇಳಿದ: "ಇತ್ತೇ ದಿನಾಂ ಧೂಪ್ ಕೋ ಕಾಯ್ಕು ವಾಪಸ್ ಭೇಜೇ ಸಾಬ್?"

ಇಷ್ಟು ದಿನ ಬಿಸಿಲನ್ನು ಯಾಕೆ ವಾಪಸ್ ಕಳಿಸಿದಿರಿ? ಒಂದೂವರೆ ವರ್ಷ ನಾನು ಉಳಿಸಿದ್ದೇನೆಂದುಕೊಂಡದ್ದರಲ್ಲಿ ಒಂದು ಹನಿಯೂ ಉಳಿದಿರಲಿಲ್ಲ. ಎಷ್ಟು ಗಿರಾಕಿಗಳನ್ನು ಬೆವರಿಸಿ ಕಳಿಸಿದೆ, ಆ ಹುಡುಗಿಯನ್ನು ಅರ್ಧ ಗಂಟೆ ಹೇಗೆ ಸುಟ್ಟೆ! ಸುಶೀಲಾ ನನ್ನತ್ತ ನೋಡಲೂ ಇಲ್ಲ. "ಆ ಸ್ವಿಚ್ಚು ಕಿತ್ತು ಹಾಕಪ್ಪಾ ಖಾದರ್," ಎಂದಳು. ಅವನು ಕಿತ್ತ, ಬ್ಯಾಟರಿ ತುಂಬಿದ ಮೇಲಿನ ಬಿಸಿಲಿಂದ ಹಗಲು ಫ್ಯಾನು, ದೀಪ ನಡೆಯುವ ಹಾಗೆಯೂ ಮಾಡಿಟ್ಟ.

ಈಗ ಜೆರಾಕ್ಸಿನವರನ್ನು ಬಿಟ್ಟರೆ ಕರೆಂಟು ಹೋದದ್ದು ಗಿರಾಕಿಗಳಿಗೆ ತಿಳಿಯುವುದೂ ಇಲ್ಲ. ನಾನು ಬದಲಾದೆನೆಂದು ನೀವು ಸಂತೋಷಪಡಬಹುದು. ಆದರೆ ಹನ್ನೆರಡು ಹೊಡೆಯಿತೆಂದರೆ ನನಗೆ ಕೂರಲಾಗುವುದಿಲ್ಲ. ಮೇಲೆ ಅಷ್ಟು ಬಿಸಿಲು ದಂಡವಾಗುತ್ತಿದೆ! ಪಕ್ಕದ ಟೇಲರನ ಮೊಬೈಲು, ಎಳನೀರಿನವಳ ಮೊಬೈಲು ಕೇಳಿ ತಂದು ಚಾರ್ಜಿಗೆ ಹಾಕುತ್ತೇನೆ. ದಾರಿಹೋಕರನ್ನು ಫ್ಯಾನಿನ ಕೆಳಗೆ ಕೂತು ಹೋಗಿರೆಂದು ಕರೆಯುತ್ತೇನೆ. "ಸುಮ್ನ ಕುಂದ್ರಾಕ ಬರಾಂಗಿಲ್ಲೇನ್ರಿ ನಿಮಗ?" ಎನ್ನುತ್ತಾಳೆ ಸುಶೀಲಾ. ನಿನ್ನೆ ಎರಡು ಗಂಟೆಗೆ, ಒಬ್ಬರೂ ಸಿಗದೆ ನಾನು ರಸ್ತೆಯಲ್ಲಿ ಒದ್ದಾಡುತ್ತಿದ್ದಾಗ, ಎಲ್ಲಿಂದಲೋ ಒಂದು ಮೋಡ ಬಂದು ಸೂರ್ಯನನ್ನು ಮುಚ್ಚಿತು. ಇನ್ನೇನೂ ದಂಡವಾಗುತ್ತಿಲ್ಲವಲ್ಲ, ಉಸ್ಸಪ್ಪಾ ಎಂದು ಒಳಗೆ ಬಂದು ಕೂತೆ. ನಾಳೆಗೆ ಬ್ಯಾಟರಿ ತುಂಬುತ್ತದೋ ಇಲ್ಲವೋ ಎಂಬ ಚಿಂತೆ ಹತ್ತಲು ಐದು ನಿಮಿಷ ಹಿಡಿಯಿತು.